ಏಳೂಕಾಲು ಪರ್ಸೆಂಟ್

ಅಡಿಲೇಡ್ ಬಿಟ್ಟಾಗ ಬೆಳಗಿನ ಐದೂವರೆ.
ಟ್ರಾಮ್ ಓಡಿಸುವವಳಿಗೆ ರಜೆಯಲ್ಲೂ ನಾಲ್ಕಕ್ಕೇ ಎಚ್ಚರ.
ಪಕ್ಕದ ಸೀಟಿನಲ್ಲಿ ಫ್ಲಾಸ್ಕು, ಅದರ ಕೆಳಗೆ
ತಂಗಿಯ ಗಂಡ ಗ್ರಾಂಟ್ ಗೀಚಿಕೊಟ್ಟ ಹಾಳೆ:
ನಗರದಲ್ಲಿ ಒಂದು ಗ್ಯಾರೇಜು ಬರುವ ದುಡ್ಡಿಗೆ
ಅಲ್ಲಿ ಮೂರು ಕೋಣೆ, ಹಿತ್ತಲು, ನಿಂಬೆ ಗಿಡ.
ಬಾಡಿಗೆಯವರು ಆಗಲೇ ಇದ್ದಾರೆ.
ವರ್ಷಕ್ಕೆ ಏಳೂಕಾಲು ಪರ್ಸೆಂಟ್.
ಕೊನೆಯ ಸಾಲಿನ ಕೆಳಗೆ ಎರಡು ಗೆರೆ.

ಎರಡೂವರೆ ತಾಸು ಬರೀ ಗೋಧಿಯ ಕೂಳೆ.
ಆಮೇಲೆ, ಊರಿಗಿಂತ ಎಷ್ಟೋ ಮೊದಲು, ಚಿಮಣಿ.
ಒಂದೇ ಒಂದು. ಬೂದು.
ಯಾರೋ ಆಕಾಶಕ್ಕೆ ಮೊಳೆ ಹೊಡೆದು
ಊರನ್ನು ಅದಕ್ಕೆ ನೇತುಹಾಕಿದ ಹಾಗೆ.
ಮೊಳೆ ಕಿತ್ತುಬಂದರೆ?
ಗ್ರಾಂಟನ ಹಾಳೆಯಲ್ಲಿ ಆ ಕಾಲಂ ಇಲ್ಲ.

ಏಜೆಂಟ್ ಡಾರಿಲ್ಲನ ಶೂ ಹೊಸತು, ಮಾತು ಹಳತು.
"ಸೀಸದ ಕಾರ್ಖಾನೆ ಎಲ್ಲಿಗೂ ಹೋಗಲ್ಲ ಮೇಡಂ.
ಆಸ್ಪತ್ರೆ ದೊಡ್ಡದಾಗ್ತಿದೆ, ನರ್ಸುಗಳಿಗೆ ಮನೆ ಸಿಗ್ತಿಲ್ಲ.
ಈಗಿನ ಬಾಡಿಗೆ ತೀರಾ ಕಡಿಮೆ. ಕರಾರು ಮುಗಿದ ದಿನ
ವಾರಕ್ಕೆ ನಲವತ್ತು ಡಾಲರ್ ಏರಿಸಬಹುದು. ಆರಾಮಾಗಿ."
ಆರಾಮ ಯಾರಿಗೆಂದು ಕೇಳಲಿಲ್ಲ.
ಕೇಳಬೇಕಿತ್ತೆಂದು ಈಗ ಬರೆಯುವುದು ಸುಲಭ.
ಆಗ ನಾನು ನಲವತ್ತನ್ನು ಐವತ್ತೆರಡರಿಂದ ಗುಣಿಸುತ್ತಿದ್ದೆ.
ಎರಡು ಸಾವಿರದ ಎಂಬತ್ತು.
ನನ್ನ ಬಲದವಡೆಯ ಹಲ್ಲಿಗೆ ಕವಚ ಹಾಕಿಸುವಷ್ಟು.

ಬೇಲಿಯಾಚೆ ನುನ್ಸಿಯೊ ಏಡಿಯ ಬಲೆ ತೊಳೆಯುತ್ತಿದ್ದ.
ಅವನಜ್ಜ ಇಟಲಿಯಿಂದ ಮೀನು ಹಿಡಿಯಲು ಬಂದವನಂತೆ.
"ಕೊಳ್ತೀಯಾ?" ಎಂದ. "ನೋಡ್ತಿದ್ದೀನಿ" ಎಂದೆ.
"ನಾನೂ ನೋಡ್ತಿದ್ದೀನಿ, ಹತ್ತೊಂಬತ್ತು ವರ್ಷದಿಂದ.
ಕೊಟ್ಟ ಬೆಲೆ ತಿರುಗಿ ಬಂದಿದ್ದು ಹೋದ ವರ್ಷ.
ಇಲ್ಲಿ ಬೆಲೆ ಅಂದರೆ ಕೊಲ್ಲಿಯ ಇಳಿತ.
ನೀರು ಬಂದೇ ಬರುತ್ತೆ,
ಅಲ್ಲಿಯವರೆಗೆ ದೋಣಿ ಕೆಸರಲ್ಲಿ ಕೂತಿರಬೇಕು.
ನಿನಗೆಷ್ಟು ವಯಸ್ಸು?"
ಹೇಳಿದೆ. ಏನೂ ಅನ್ನದೆ
ಎರಡು ಏಡಿ ಚೀಲಕ್ಕೆ ಹಾಕಿ ಕೊಟ್ಟ.

ಒಳಗೆ ರೋಸ್ಲಿನ್, ಕೈಯಲ್ಲಿ ಒದ್ದೆ ಬಟ್ಟೆ.
ನಾವು ಬರುತ್ತೇವೆಂದು ಒರೆಸುತ್ತಿದ್ದಾಳೆ ಅಂದುಕೊಂಡೆ.
ಅಲ್ಲ. ಇದು ದಿನಾ.
ಕಿಟಕಿಯ ಪಟ್ಟಿ, ಬಾಗಿಲ ಹಿಡಿ,
ಮಗಳ ಮಂಚದ ಸರಳು, ಗೊಂಬೆಗಳ ಮುಖ.
"ಪೊರಕೆ ಹಿಡೀಬಾರದು, ಧೂಳು ಏಳುತ್ತೆ. ಒರೆಸಬೇಕು."
ಗಾಳಿ ಕಾರ್ಖಾನೆಯ ಕಡೆಯಿಂದ ಬೀಸಿದ ದಿನ ಎರಡು ಸಲ.
ಫ್ರಿಜ್ಜಿನ ಮೇಲೆ, ಮ್ಯಾಗ್ನೆಟ್ಟಿನಡಿ, ಒಂದು ಕಾಗದ:
ಟಿಲ್ಲಿ, ಮೂರು ವರ್ಷ, ರಕ್ತದಲ್ಲಿ ಸೀಸ,
ಹಿಂದಿನ ಸಂಖ್ಯೆ, ಈಗಿನ ಸಂಖ್ಯೆ.
ಇಳಿದಿದೆ.
ಅದರ ಕೆಳಗೂ ಎರಡು ಗೆರೆ.

ಡಾರಿಲ್ ಛಾವಣಿಯ ಗುಣಗಾನದಲ್ಲಿದ್ದಾಗ
ಟಿಲ್ಲಿ ನನ್ನ ಟೇಪಿನ ತುದಿ ಹಿಡಿದು ಕೋಣೆಯುದ್ದ ಓಡಿದಳು.
ಮೂರು ಮೀಟರ್ ಅರವತ್ತು, ಎಂದೆ.
"ನಾನೆಷ್ಟು?"
ಅಳೆದೆ. ತೊಂಬತ್ತನಾಲ್ಕು ಸೆಂಟಿಮೀಟರ್.
ಹಾಳೆಯ ಅಂಚಿನಲ್ಲಿ ಬರೆದುಕೊಂಡೆ,
ಬೇರೆಲ್ಲೂ ಜಾಗವಿರಲಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನಾನು ಬಿಟ್ಟರೆ ಸಿಡ್ನಿಯ ಯಾರೋ
ಬರೀ ಫೋಟೋ ನೋಡಿ ಕೊಳ್ಳುತ್ತಾರೆ,
ನಲವತ್ತಲ್ಲ, ಅರವತ್ತು ಏರಿಸುತ್ತಾರೆ.
ನಿಜವೇ ಇರಬಹುದು.
ಕೊಳ್ಳುವವರೆಲ್ಲ ತಮಗೆ ತಾವೇ ಹಾಡಿಕೊಳ್ಳುವ
ಜೋಗುಳವೂ ಇರಬಹುದು.
ದಾರಿಯುದ್ದಕ್ಕೂ ಡಿಕ್ಕಿಯಲ್ಲಿ ಏಡಿಗಳ ಪರಪರ.

ಗ್ರಾಂಟ್ ಮೂರು ಸಲ ಫೋನ್ ಮಾಡಿದ.
ಬಂಕಿನ ಬಳಿ ಗಾಡಿ ನಿಲ್ಲಿಸಿ
ಕರವಸ್ತ್ರ ನೀರಲ್ಲಿ ಅದ್ದಿ ಸ್ಟೀರಿಂಗ್ ಒರೆಸಿದೆ.
ಬಟ್ಟೆ ಬೆಳ್ಳಗೇ ಇತ್ತು.
ಇನ್ನೊಮ್ಮೆ ಒರೆಸಿದೆ.